ಪಂಪಕ್ಕನ ಡಬ್ಬಿ, ನಮ್ಮ ಹುಳ

ವೈರ್‌ಲೆಸ್ ಚಿಪ್ ಮುಟ್ಟುವ ಮೊದಲು ಪಂಪಕ್ಕ ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟುತ್ತಿದ್ದರು. ಹೊಸಬರು ಯಾವುದೋ ದೇವರಿಗೆ ನಮಸ್ಕಾರ ಎಂದುಕೊಂಡು ತಾವೂ ಕೈ ಮುಗಿಯುತ್ತಿದ್ದರು. ನಾನು ಕೇಳಿಯೇ ಬಿಟ್ಟೆ. "ದೇವರಲ್ರಿ ತಂಗೀ, ಮೈಯಾಗಿನ ಕರೆಂಟು. ಒಣ ಹವಾ, ಪಾಲಿಸ್ಟರ್ ಸೀರಿ. ಒಂದ್ ಕಿಡಿ ಹಾರಿದ್ರ ಸಾಕು, ಪಾಪ, ಅದು ಸತ್ತ ಹೋಗತೈತಿ" ಎಂದರು. ಉಗುರಿನಷ್ಟು ಚಿಪ್ ಮೇಲೆ ಅಷ್ಟು ಕನಿಕರ! ಅದಕ್ಕೂ 'ರೀ' ಹಚ್ಚಿಯೇ ಮಾತಾಡುತ್ತಿದ್ದರು: "ಏಳ್ರಿ, ಏಳ್ರಿ, ಎಷ್ಟ್ ಹೊತ್ತು ಮಲಗ್ತೀರಿ?"

ನನ್ನ ಅಕ್ಕನನ್ನು ಕೊಟ್ಟಿದ್ದು ರಾಯದುರ್ಗಕ್ಕೆ. ಅಕ್ಕನಲ್ಲಿಗೆ ಹೋದಾಗಲೆಲ್ಲ ನಾನು ಅದೇ ಓಣಿಯ ಪಂಪಕ್ಕನ ಮನೆಯಲ್ಲೇ. ಪಂಪಕ್ಕ ಹತ್ತನೆಯ ತರಗತಿಗೆ ಓದು ಬಿಟ್ಟು ಜೀನ್ಸ್ ಹೊಲಿಯಲು ಹೋದವರು. ಕಂಪ್ಯೂಟರ್ ಇರುವ ಹೊಲಿಗೆ ಮಷೀನು ಕೆಟ್ಟು ನಿಂತಾಗ, ಬಳ್ಳಾರಿಯಿಂದ ಮೆಕ್ಯಾನಿಕ್ ಬರುವ ತನಕ ಯಾರು ಕಾಯುತ್ತಾರೆಂದು ತಾವೇ ಬಿಚ್ಚಿದರಂತೆ. ಅಲ್ಲಿಂದ ಶುರುವಾದ ಹುಚ್ಚು ಕೊನೆಗೆ ಮನೆಯ ಮುಂದಿನ ಕೋಣೆಯನ್ನೇ ನುಂಗಿತು. ಬರೆದ ಪ್ರೋಗ್ರಾಮನ್ನು ಚಿಪ್‌ಗೆ ತಿಳಿಯುವಂತೆ ಕಟ್ಟುವುದು ಬಿಲ್ಡ್, ಅದನ್ನು ಚಿಪ್‌ನೊಳಗೆ ಇಳಿಸುವುದು ಫ್ಲಾಶ್ ಎಂದು ನನಗೆ ಹೇಳಿಕೊಟ್ಟದ್ದು ಅವರೇ. ಅವರ ಹಳೆಯ ಲ್ಯಾಪ್‌ಟಾಪ್ ಬಿಲ್ಡ್‌ಗೆ ಕೂತು ಗೊರ್ ಎನ್ನುವಷ್ಟರಲ್ಲಿ ಮಂಡಕ್ಕಿ ತೋಯಿಸಿ, ಒಗ್ಗರಣೆ ಹಾಕಿ, ನನ್ನ ಮುಂದೆ ತಟ್ಟೆ ಇಡುತ್ತಿದ್ದರು. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲು ಬಂದರೆ ನಾನು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವರು ನಗುತ್ತಿದ್ದರು. "ಅಂಜಬ್ಯಾಡ್ರಿ. ಮೊದಲನೇ ಕೆಂಪು ಸಾಲು ಒಂದ ಓದ್ರಿ. ಉಳಿದಿದ್ದೆಲ್ಲಾ ಅದರ ಹಿಂದ ಬಂದ ಗದ್ದಲ."

ನಮ್ಮದು ಮಡಕಶಿರದ ಹತ್ತಿರದ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಹುಳದ ಮನೆಯ ಬಿಸಿ, ತೇವ ನೋಡಿಕೊಂಡು ಫ್ಯಾನನ್ನೂ ಮಂಜು ಚಿಮ್ಮುವ ಪಂಪನ್ನೂ ತಾನೇ ನಡೆಸುವ ಡಬ್ಬಿಯೊಂದು ಬೇಕೆಂದು ಕೇಳಿದೆ. ಪಂಪಕ್ಕ ಬಸ್ಸು ಬದಲಿಸಿ ಬದಲಿಸಿ ನಮ್ಮೂರಿಗೇ ಬಂದರು, ಮುಡಿ ತುಂಬ ಮಲ್ಲಿಗೆ. ಹೂವಿನ ವಾಸನೆಯಾಗಲಿ ಕಾಲಿನ ಕೊಳೆಯಾಗಲಿ ಹುಳಕ್ಕಾಗದು. ನಾನು ಬಾಗಿಲಿಗೆ ಅಡ್ಡ ನಿಂತು, "ಅಕ್ಕಾ, ಹೂವು ತೆಗೀರಿ, ಕಾಲಿಗೆ ಸುಣ್ಣ ಮುಟ್ಟಿಸ್ಕೊಂಡು ಬನ್ನಿ" ಎಂದೆ. ದೂರದಿಂದ ಬಂದ ಹೆಂಗಸಿನ ಮುಡಿಯ ಹೂವು ತೆಗೆಸುವುದು ಎಂಥ ಮಾತು! ಅವರು ಮಾತ್ರ ಬೇಜಾರಾಗದೆ ಹೂವನ್ನು ಬೇಲಿಗೆ ಸಿಕ್ಕಿಸಿ ಒಳಗೆ ಬಂದರು. ದಿನವಿಡೀ ಕೂತು ಸೊಪ್ಪು ಕೊಡುವುದು, ಕಸ ತೆಗೆಯುವುದು ಎಲ್ಲವನ್ನೂ ಕೇಳಿ ಬರೆದುಕೊಂಡರು. ಡಬ್ಬಿ ಕೂತಿತು. ಮೊಬೈಲಿನಲ್ಲಿ ಹುಳದ ಮನೆಯ ಬಿಸಿ ಕಂಡಾಗ ನಾನು ಕುಣಿಯುವುದೊಂದು ಬಾಕಿ.

ನನ್ನ ಅತ್ತೆ ಮಾತ್ರ ಅದನ್ನು ನಂಬಲಿಲ್ಲ. ಅವರ ಅನುಮಾನ ನಿಜವಾಗುವ ದಿನವೂ ಬಂತು. ಹುಳ ಪೊರೆ ಕಳಚುವ ಕಾಲಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಸೊಪ್ಪು ನಿಲ್ಲಿಸಿ, ಸುಣ್ಣ ಉದುರಿಸಿ, ಮನೆ ಒಣಗಿರುವಂತೆ ನೋಡಿಕೊಳ್ಳಬೇಕು. ಹುಳಕ್ಕೆ ನಾಲ್ಕು ಸಲ ಬರುವ ಜ್ವರದಲ್ಲಿ ಮೊದಲ ಮೂರು ಮೋಡದ ದಿನಗಳಲ್ಲಿ ಬಂದು ಹೋಗಿದ್ದವು. ನಾಲ್ಕನೆಯದರ ದಿನ ನಡುಮಧ್ಯಾಹ್ನ ಅತ್ತೆ ಕಿರುಚಿಕೊಂಡರು. "ಅಯ್ಯೋ ಸರೋಜಾ, ಹುಳ ಜ್ವರಕ್ಕೆ ಕೂತವೆ, ನಿನ್ ಡಬ್ಬಿ ನೀರು ಉಗೀತೈತಲ್ಲೇ!"

ಡಬ್ಬಿಯ ತಪ್ಪೇನಿಲ್ಲ. ಗಾಳಿ ಒಣಗಿತ್ತು, ಹೇಳಿಕೊಟ್ಟಂತೆ ಮಂಜು ಬಿಟ್ಟಿತು. ಜ್ವರದಲ್ಲಿ ಒಣ ಬೇಕೆಂದು ಪಂಪಕ್ಕನಿಗೆ ನಾನು ಹೇಳಿಯೇ ಇರಲಿಲ್ಲ. ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರುವ ವಿಷಯ. ಹೇಳಬೇಕೆಂದು ಹೊಳೆಯುವುದಾದರೂ ಹೇಗೆ? ಡಬ್ಬಿ ಆರಿಸಿದರೆ ಫ್ಯಾನೂ ನಿಲ್ಲುತ್ತದೆ. ಮೇಲೆ ಕಾದ ತಗಡಿನ ಸೂರು. ಹಚ್ಚಿದರೆ ತೇವ, ಆರಿಸಿದರೆ ಬೇಗೆ. ಯಾವುದು ಮಾಡಿದರೂ ಬೆಳೆ ಪೂರ್ತಿ ಹೋಗುತ್ತಿತ್ತು. ಪಂಪಕ್ಕನಿಗೆ ಫೋನು ಮಾಡಿದೆ.

"ತಪ್ಪು ನಂದ ಐತಿ ತಂಗೀ, ನಾ ಕೇಳಬೇಕಿತ್ತು. ಸದ್ಯಕ್ಕ ಆರಿಸ್ರಿ, ಬಾಗಿಲಾ ಕಿಟಕಿ ತಗೀರಿ. ಒಂದ್ ತಾಸು ಕೊಡ್ರಿ" ಎಂದರು. ತಾಸು ತುಂಬುವ ಮೊದಲೇ ಹೊಸ ಪ್ರೋಗ್ರಾಮಿನ ಫೈಲು ನನ್ನ ಮೊಬೈಲಿಗೆ ಬಂತು. ತಂತಿ ಬೇಡ, ವೈಫೈಯಲ್ಲೇ ಇಳಿಸಬಹುದು, ಆದರೆ ಇಳಿಸಬೇಕಾದವಳು ನಾನು. ಡಬ್ಬಿ ಹಚ್ಚಿ, ಮೊಬೈಲಿನಲ್ಲಿ ಅದರ ಪುಟ ತೆರೆದು, ಫೈಲು ಕೊಟ್ಟೆ. ಶೇಕಡಾ ನಲವತ್ತು, ಐವತ್ತು, ಅರವತ್ತೆಂಟು... ಕರೆಂಟು ಹೋಯಿತು!

"ಅಕ್ಕಾ, ಸತ್ತೋಯ್ತು ಕಣಕ್ಕಾ" ಎಂದು ಫೋನಿನಲ್ಲಿ ಅತ್ತುಬಿಟ್ಟೆ.

ಪಂಪಕ್ಕನಿಗೆ ಗಾಬರಿಯಾದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಂ ಕಾದು, ಏಂ ಕಾದು. ಏನೂ ಆಗಂಗಿಲ್ರಿ. ಹೊಸಾದು ಎದ್ದು ನಿಂತು ಮಾತಾಡೋತನಕ ಹಳೇದನ್ನ ನಾ ಎಂದೂ ಅಳಸಂಗಿಲ್ಲ. ಒಳಗ ಬ್ಯಾರೆ ಜಾಗದಾಗ ಐತಿ. ಕರೆಂಟು ಬರ್ಲಿ, ನೋಡ್ರಿ."

ಹತ್ತು ನಿಮಿಷಕ್ಕೆ ಕರೆಂಟು ಬಂತು. ಹಸಿರು ದೀಪ ಮಿಣುಕಿ, ಹಳೆಯ ಪ್ರೋಗ್ರಾಮು ಏನೂ ಆಗಿಲ್ಲವೆಂಬಂತೆ ಎದ್ದಿತು. ಎರಡನೆಯ ಸಲ ನೂರು ಮುಟ್ಟಿಸಿದೆ. ಪುಟದಲ್ಲಿ ಹೊಸದೊಂದು ಗುಂಡಿ, ಕನ್ನಡದಲ್ಲಿ 'ಜ್ವರ'. ಒತ್ತಿದೆ. ಮಂಜು ನಿಂತಿತು, ಫ್ಯಾನು ತಿರುಗಿತು. ಮಾರನೆಯ ದಿನ ಹುಳ ಜ್ವರ ಬಿಟ್ಟು ಒಟ್ಟಿಗೆ ಎದ್ದವು. ಹೊಸ ಸೊಪ್ಪು ಕೊಟ್ಟಾಗ ಮಳೆ ಬಿದ್ದಂತೆ ಸರಸರ ಸದ್ದು. ಅತ್ತೆ ಅದನ್ನು ಕೇಳುತ್ತಾ ನಿಂತಿದ್ದರು.

ಆಮೇಲೆ ಸುತ್ತಲಿನ ಎಷ್ಟೋ ಹುಳದ ಮನೆಗಳಿಗೆ ಪಂಪಕ್ಕನ ಡಬ್ಬಿ ಬಂತು. ಕೊನೆಯ ಸಲ ರಾಯದುರ್ಗಕ್ಕೆ ಹೋದಾಗ ಅವರು ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, "ಇವತ್ತು ನೀವ ಬಿಲ್ಡ್ ಮಾಡ್ರಿ, ಒಗ್ಗರಣಿಗೆ ನಾ ಹೊಕ್ಕೀನಿ" ಎಂದು ಒಳಗೆ ಹೋದವರು ಎಷ್ಟು ಕರೆದರೂ ಬರಲಿಲ್ಲ. ಒಬ್ಬಳೇ ಮುಗಿಸಿದೆ. ತಟ್ಟೆ ಹಿಡಿದು ಬಂದು ಪರದೆ ನೋಡಿ, ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಎರಡು ತಿಂಗಳಿಗೆ ಎದೆನೋವೆಂದು ಆಸ್ಪತ್ರೆಗೆ ಹೊರಟವರು ಬಳ್ಳಾರಿ ಮುಟ್ಟಲಿಲ್ಲ. ಅವರ ಮಗಳು ಆ ಲ್ಯಾಪ್‌ಟಾಪನ್ನು ನನಗೇ ಕಳಿಸಿದಳು.

ಲ್ಯಾಪ್‌ಟಾಪಿನ ಮುಚ್ಚಳ ತೆಗೆಯಲು ಬಹಳ ದಿನ ಧೈರ್ಯ ಬರಲಿಲ್ಲ. ಮೊನ್ನೆ ಪಕ್ಕದೂರಿನ ನರಸಿಂಹಪ್ಪ ಬಂದರು. ಅವರ ಹೊಸ ಶೆಡ್ಡಿಗೆ ಇನ್ನೊಂದು ಫ್ಯಾನು ಸೇರಿಸಬೇಕು, ಆ ಅಕ್ಕನಿಲ್ಲದ ಮೇಲೆ ಡಬ್ಬಿ ಬಿಸಾಡುವುದೇ ಅಂತ ಕೇಳಿದರು. ಉಪಾಯವಿಲ್ಲದೆ ತೆರೆದು, ಸಾಲು ಸಾಲಾಗಿ ಓದುತ್ತಾ ಹೋದೆ. ಜ್ವರದ ಗುಂಡಿಯ ಪ್ರೋಗ್ರಾಮಿನ ಮೇಲೆ, ಚಿಪ್ ಓದದ, ಮನುಷ್ಯರಿಗೆಂದೇ ಬಿಟ್ಟ ಟಿಪ್ಪಣಿಯೊಂದಿತ್ತು: "ಇದು ನನಗೆ ಗೊತ್ತಿರಲಿಲ್ಲ. ಕಲಿಸಿದವರು ಮಡಕಶಿರದ ಸರೋಜ. ಇಲ್ಲಿ ಏನಾದರೂ ಬದಲಿಸುವ ಮುಂಚೆ ಅವರನ್ನು ಕೇಳಬೇಕು."

ಅತ್ತೆಗೆ ಓದಿ ಹೇಳಿದೆ. "ಇನ್ನೊಂದ್ಸಲ ಓದೇ" ಎಂದರು. ಓದಿದೆ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ನರಸಿಂಹಪ್ಪ ಕಾದು ನಿಂತಿದ್ದ ಜಗಲಿಗೆ ಹೋದರು. ಅವರ ದನಿ ಒಳಗಿದ್ದ ನನಗೂ ಚೆನ್ನಾಗಿ ಕೇಳಿಸಿತು. "ಬಿಸಾಡೋದ್ಯಾಕಪ್ಪಾ ನರಸಿಂಹಪ್ಪ? ಕೂತ್ಕೊ. ನಮ್ ಸರೋಜನ್ನ ಕೇಳ್ಬೇಕು ಅಂತ ಅದ್ರಾಗೇ ಬರ್ದೈತೆ."