ಮೆಷಿನ್ ನಿಂತರೂ ನಿಲ್ಲದ ಕೈ

ಟೈಲರಮ್ಮನನ್ನು ನಾನು ಮೊದಲು ಕಂಡದ್ದು ಅವಳು ಪಕ್ಕದ ಕೋಣೆಗೆ ಬಾಡಿಗೆಗೆ ಬಂದ ದಿನ. ಹೊಲಿಗೆ ಮೆಷಿನ್ನಿನ ತಲೆಯನ್ನು ಸೊಂಟದ ಒಂದು ಮಗ್ಗುಲಿಗೆ, ಮಗಳನ್ನು ಇನ್ನೊಂದು ಮಗ್ಗುಲಿಗೆ ಆನಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

"ಒಂದನ್ನ ಇಲ್ಲಿ ಕೊಡೇ, ಹಿಡ್ಕೋತೀನಿ" ಅಂದೆ.

"ಮಗೂನ ಹಿಡ್ಕೊಳ್ಳಿ ಅಜ್ಜಿ. ಮೆಷಿನ್ ಆದ್ರೆ ಅಳಲ್ಲ, ಸುಮ್ನೆ ಬರುತ್ತೆ."

ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಅವಳು ಶಾಲೆಮಕ್ಕಳ ಅಂಗಿ ಹೊಲಿಯುವಳು. ನಾನು ಎದುರು ಕೂತು ಕಾಜ ಮಾಡಿ ಗುಂಡಿ ಹಾಕುವೆ. ಮಗಳಿಗೆ ಮೂರು ವರ್ಷ. ಬಾಯಿಗೆ ಬೀಗವೇ ಇಲ್ಲದ್ದರಿಂದ ಚಿನಕುರಳಿ ಎನ್ನುತ್ತಿದ್ದೆವು. ಮೆಷಿನ್ನಿನ ಕಾಲಿಗೆ ಬೆನ್ನು ಕೊಟ್ಟು ಕೂರುವುದು ಅವಳ ಅಭ್ಯಾಸ. ತಾಯಿ ಪೆಡಲು ತುಳಿದರೆ ಮೈಯೆಲ್ಲ ಗಡಗಡ ಅದುರಿ, ಕಿಲಕಿಲ ನಗುವಳು.

ಕೊರೊನಾ ಮೂವರಿಗೂ ಬಂತು. ನಾವಿಬ್ಬರು ಹಾಸಿಗೆ ಹಿಡಿದೆವು. ಮಗುವಿಗೆ ಎರಡೇ ದಿನ ಜ್ವರ. ಮೂರನೆಯ ವಾರ ತಾಯಿ ಮತ್ತೆ ಮೆಷಿನ್ನಿಗೆ ಕೂತಳು. ಮಗು ಅದೇ ಜಾಗದಲ್ಲಿ, ಮಂಕಾಗಿ. ಎಡಗೈ ಅದುರುತ್ತಿತ್ತು. ಮೆಷಿನ್ನಿನ ನಡುಕ ಎಂದುಕೊಂಡೆ.

"ಮಾತೇ ಇಲ್ವಲ್ಲೇ ಇವಳದು?"

"ಜ್ವರದ ಸುಸ್ತು. ಬಿಡಿ ಅಜ್ಜಿ, ನಮ್ಮ ಕಿವಿಗೂ ಎರಡು ದಿನ ರಜಾ."

ನಾಲ್ಕನೆಯ ದಿನ ಮಧ್ಯಾಹ್ನ ದಾರ ಕಡಿಯಿತು. ಮೆಷಿನ್ ನಿಂತಿತು. ಮಗುವಿನ ಕೈ ನಿಲ್ಲಲಿಲ್ಲ. ಬಾಯಿ ಒಂದು ಕಡೆಗೆ ಎಳೆದಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಬಾಚಿ ಎತ್ತಿಕೊಂಡು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದೆವು.

"ಮಿದುಳಿಗೆ ಊತ ಬಂದಿದೆ" ಎಂದರು ಡಾಕ್ಟರಮ್ಮ. "ಈ ಸೋಂಕಾದ ಮೇಲೆ ಎಲ್ಲೋ ಕೆಲವು ಮಕ್ಕಳಿಗೆ ಹೀಗಾಗುತ್ತೆ. ಕೈ ಅದುರೋದು ಯಾವತ್ತು ಶುರುವಾಯ್ತು?"

"ಇವತ್ತೇ" ಎಂದಳು ತಾಯಿ.

ನಾನೂ ಹೂಂ ಎಂದು ಔಷಧ ತಪ್ಪಿದರೆ? "ಇಲ್ಲಮ್ಮ, ಮೂರು ದಿನದಿಂದ" ಎಂದೆ. ಟೈಲರಮ್ಮ ನನ್ನನ್ನು ನೋಡಿದ ನೋಟ ಬರೆಯಲು ನನಗೆ ಅಕ್ಷರ ಸಾಲದು.

ಹನ್ನೊಂದು ದಿನಕ್ಕೆ ಸೆಳೆತ ನಿಂತಿತು. ಮಗು ಕಣ್ಣು ಬಿಟ್ಟಿತು, ಆದರೆ ತಾಯಿಯನ್ನು ಕಂಡರೂ ಒಂದೇ, ಗೋಡೆಯನ್ನು ಕಂಡರೂ ಒಂದೇ. ಎಡಗೈ ಎತ್ತದು. ಮಾತಿಲ್ಲ. "ಮಾತು ಬರಬಹುದು, ಬರದೆಯೂ ಇರಬಹುದು" ಎಂದು ಡಾಕ್ಟರಮ್ಮ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಕರೆದೊಯ್ಯಲು ಗಂಡ ಬಂದ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಆಟೋದಲ್ಲಿ ಕೂತವಳು ನನ್ನ ಸೆರಗು ಹಿಡಿದಳು.

"ಅಜ್ಜಿ, ಆ ಮೂರು ದಿನಾನೂ ನೀವು ಎದುರಿಗೇ ಕೂತಿದ್ರಲ್ಲ. ಇವಳು ನನ್ನನ್ನ ಒಂದ್ಸಲ ಆದ್ರೂ ಅಮ್ಮಾ ಅಂತ ಕರೆದ್ಲಾ? ಮೆಷಿನ್ ಸದ್ದಿಗೆ ನನಗೆ ಕೇಳಿಸ್ಲಿಲ್ವಾ?"