ಮೇಸ್ತ್ರಿಯ ಕೊರಳಲ್ಲಿದ್ದ ಕಾರ್ಡು

ಅವರ ಕೆಳದುಟಿಯ ನಡುವೆ ಹೆಸರುಕಾಳಿನಷ್ಟು ಒಂದು ಹಸಿರು ಕಲೆ ಇತ್ತು. ಹಿತ್ತಾಳೆಯ ಕಿಲುಬು. ಹಾರ್ಮೋನಿಯಂ ಒಳಗಿನ ರೀಡನ್ನು, ಅಂದರೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಯನ್ನು, ಬಿಚ್ಚಿ ತುಟಿಗಿಟ್ಟು ಉಸಿರೆಳೆದು ನೋಡುವುದು ಅವರ ಪದ್ಧತಿ. ಮೂವತ್ತು ವರ್ಷ ಹಾಗೆ ಮಾಡಿ ಮಾಡಿ ಕಲೆ ಅಲ್ಲೇ ಕೂತುಬಿಟ್ಟಿತ್ತು. ಎಲೆಅಡಿಕೆ ಹಾಕಿದರೂ ಕೆಂಪಿನೊಳಗಿಂದ ಇಣುಕುತ್ತಿತ್ತು.

ಊರು ಮಗ್ಗೆ. ಸಕಲೇಶಪುರದ ಪೇಟೆಯಲ್ಲಿದ್ದ ನನ್ನ ವಾದ್ಯದಂಗಡಿಗೆ ವಾರಕ್ಕೆರಡು ದಿನ ಬಂದು ರಿಪೇರಿಗೆ ಕೂರುತ್ತಿದ್ದರು. ಊರಿಗೆಲ್ಲ ಅವರು ಹಾರ್ಮೋನಿಯಂ ಮೇಸ್ತ್ರಿ, ನನಗೆ ಬರೀ ಮೇಸ್ತ್ರಿ. ನಾಟಕದವರದು, ಭಜನೆಯವರದು, ನಮ್ಮ ಇಗರ್ಜಿಯದು, ಸುತ್ತಲಿನ ಯಾವ ಪೆಟ್ಟಿಗೆ ಕೆಟ್ಟರೂ ನನ್ನ ಅಂಗಡಿಗೇ ಬರುತ್ತಿತ್ತು. ನನ್ನ ಮುಖ ನೋಡಿಕೊಂಡು ಯಾರೂ ಬರುತ್ತಿರಲಿಲ್ಲ ಬಿಡಿ. ಅವರಿಗಾಗಿ ಬರುತ್ತಿದ್ದರು.

ಒಂದು ಮಳೆಗಾಲ ಬೆಳಗೋಡಿನ ಭಜನೆಯವರು ಉಸಿರೇ ಬಿಡದ ಪೆಟ್ಟಿಗೆ ತಂದರು. ಹೊಸದು ಕೊಡಿ ಅಂತ ಅವರೇ ಕೇಳಿದರು. ನಾನು ಖುಷಿಯಿಂದ ಹೊಸದನ್ನು ಇಳಿಸಿ ಧೂಳು ಒರೆಸುತ್ತಿದ್ದರೆ, ಮೇಸ್ತ್ರಿ ಹಳೆಯದನ್ನು ಬಿಚ್ಚಿ ಗಾಳಿ ಬಾಯಲ್ಲಿ ಕಣಜದ ಹುಳ ಕಟ್ಟಿದ್ದ ಮಣ್ಣುಗೂಡನ್ನು ಕೆರೆದು ತೆಗೆದರು. "ಪೆಟ್ಟಿಗೆಗೆ ಕಾಯಿಲೆ ಇಲ್ಲ ಕಣ್ರೀ, ಉಸ್ರು ಸಿಕ್ಕಿಲ್ಲ ಅಷ್ಟೇಯ." ಭಜನೆಯವರು ಹೋದಮೇಲೆ ನಾನು ಮುಖ ಗಂಟುಹಾಕಿ ಕೂತೆ. "ಬೈಯೋದಾದ್ರೆ ಬೈದುಬುಡು ಮಾರಾಯ, ಹೊಟ್ಟೇಲಿ ಇಟ್ಕಬೇಡ" ಅಂತ ನಕ್ಕರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಎಲೆಕ್ಟ್ರಾನಿಕ್ ಕೀಬೋರ್ಡಿನ ಹುಚ್ಚು ಹಿಡಿದಿತ್ತು. ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ವಾದ್ಯ ತಯಾರಕರ ಮೇಳ ಆಗುತ್ತಿತ್ತು. ಬರೀ ವ್ಯಾಪಾರಸ್ಥರಿಗೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅಲ್ಲಿ ಒಂದು ಕೀಬೋರ್ಡ್ ಕಂಪನಿಯವರನ್ನು ಒಲಿಸಿಕೊಂಡು ಏಜೆನ್ಸಿ ಹಿಡಿಯಬೇಕೆಂಬುದು ನನ್ನ ಆಸೆ. ಮೇಳದ ಆಹ್ವಾನಪತ್ರ ಓದುವಾಗ, ಉತ್ತರದ ಕಡೆಯ ಕಸುಬುದಾರರೊಬ್ಬರು ರೀಡ್ ತಯಾರಿಸುವುದನ್ನು ತೋರಿಸುತ್ತಾರೆ ಅಂತ ಬಾಯಿತಪ್ಪಿ ಅಂದುಬಿಟ್ಟೆ. ಮೇಸ್ತ್ರಿಯ ಕೈಲಿದ್ದ ಅರ ನಿಂತಿತು.

"ನಾನೂ ಬತ್ತೀನಿ ಕಣೋ."

ಆಲೂರು ಕ್ರಾಸಿನಲ್ಲಿ ಬಸ್ ಹತ್ತಿದರು. ಒಗೆದ ಪಂಚೆ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಛತ್ರಿ. ಹಾಸನ ದಾಟಿದ ಮೇಲೆ ತಾವಾಗಿಯೇ ಹೇಳಿದರು: "ನಂಗೆ ಗುರು ಅಂತ ಯಾರೂ ಇಲ್ಲ. ಕೆಟ್ಟಿದ್ದನ್ನ ಬಿಚ್ಚಿ ಬಿಚ್ಚಿ ಕಲ್ತಿದ್ದು. ಹೊಸ ರೀಡ್ ಹೆಂಗ್ ಹುಟ್ತದೆ ಅಂತ ಒಂದ್ಸಲ ಕಣ್ಣಲ್ಲಿ ನೋಡ್ಬುಟ್ರೆ ಸಾಕು."

ಮೇಳದ ಬಾಗಿಲಲ್ಲಿ ಇಂಗ್ಲಿಷಿನ ಫಾರಂ ಕೊಟ್ಟರು. ಹೆಸರು, ಅಂಗಡಿ, ಹುದ್ದೆ. ನನ್ನದಕ್ಕೆ ಪ್ರೊಪ್ರೈಟರ್ ಅಂತ ಬರೆದೆ. ಮೇಸ್ತ್ರಿಯದಕ್ಕೆ ಬರೆಯುವ ಹೊತ್ತಿಗೆ ಆ ಕೀಬೋರ್ಡ್ ಕಂಪನಿಯವನು ನನ್ನ ಪಕ್ಕಕ್ಕೇ ಬಂದು ನಿಂತ. ಟೈ, ಬೂಟು, ಘಮ್ಮೆನ್ನುವ ಸೆಂಟು. ಅವನ ಕಣ್ಣು ಮೇಸ್ತ್ರಿಯ ಹವಾಯಿ ಚಪ್ಪಲಿಯ ಮೇಲಿತ್ತು. ಇವರೇ ನನ್ನ ಅಂಗಡಿಯ ಟೆಕ್ನಿಷಿಯನ್ ಅಂದರೆ ಇವನು ಏನೆಂದುಕೊಂಡಾನು ಅಂತ ನಾನು ಕುಗ್ಗಿಹೋದೆ. ಹೆಲ್ಪರ್ ಅಂತ ಬರೆದೆ. ಥೂ, ನನ್ನ ಜನ್ಮಕ್ಕಿಷ್ಟು.

ದಾರ ಕಟ್ಟಿದ ಕಾರ್ಡನ್ನು ಮೇಸ್ತ್ರಿ ತಿರುಗಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಏನ್ ಬರ್ದವ್ರೆ ಇದ್ರಾಗೆ?"

"ಹಾರ್ಮೋನಿಯಂ ಮೇಸ್ತ್ರಿ ಅಂತ."

"ಓಹೋ!" ಅಂದು ಅದನ್ನು ಕೊರಳಿಗೆ ಹಾಕಿಕೊಂಡು ಎದೆಯ ಮೇಲೆ ನೇರ ಮಾಡಿಕೊಂಡರು.

ರೀಡಿನ ಪ್ರದರ್ಶನ ಒಳಗಿನ ಹಾಲಿನಲ್ಲಿತ್ತು. ಅದು ಮಾಲೀಕರಿಗೆ ಮತ್ತು ಟೆಕ್ನಿಷಿಯನ್‌ಗಳಿಗೆ ಮಾತ್ರ. ಕಾರ್ಡು ನೋಡಿದ ಕಾವಲಿನವನು ಮೇಸ್ತ್ರಿಯನ್ನು ಒಳಗೆ ಬಿಡಲಿಲ್ಲ. ಇದು ನನಗೆ ಗೊತ್ತಾದದ್ದು ಮಧ್ಯಾಹ್ನ, ಕಂಪನಿಯವನ ಜೊತೆ ಚಹಾಕ್ಕೆ ಹೋಗುವಾಗ. ಮುಚ್ಚಿದ ಬಾಗಿಲ ಪಕ್ಕ ಮೆಟ್ಟಿಲ ಮೇಲೆ ಕೂತು ಕಿವಿಯನ್ನು ಹಲಗೆಗೆ ಒತ್ತಿಕೊಂಡಿದ್ದರು. ನನ್ನನ್ನು ಕಂಡು ಅರ್ಧ ಎದ್ದರು. ಒಂದು ಮಾತು ಸಾಕಿತ್ತು. ಇವರು ನಮ್ಮ ಮೇಸ್ತ್ರಿ, ಕಾರ್ಡು ತಪ್ಪಾಗಿದೆ, ಒಳಗೆ ಬಿಡಿ ಅಂದಿದ್ದರೆ ಆಗುತ್ತಿತ್ತು. ಕಂಪನಿಯವನ ಕೈ ನನ್ನ ಹೆಗಲ ಮೇಲಿತ್ತು. ನಾನು ಮುಖ ತಿರುಗಿಸಿಕೊಂಡು ಮುಂದೆ ನಡೆದೆ.

ವಾಪಸು ಬರುವಾಗ ಬಸ್ಸಿನಲ್ಲಿ, ಒಳಗೆ ಯಾಕೆ ಹೋಗಲಿಲ್ಲ ಅಂತ ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ.

"ಜನ ತುಂಬಿದ್ರು ಕಣೋ. ಆದ್ರೂ ಬಾಗ್ಲಾಚೆಯಿಂದ ಅರದ ಸದ್ದು ಕೇಳ್ತು. ಹಗೂರ ಕೈ ಆ ಯಪ್ಪಂದು. ಮುಂದಿನ್ ವರ್ಷ ನೋಡಾನ ಬುಡು."

ಏಜೆನ್ಸಿ ಸಿಕ್ಕಿತು. ಮೇಸ್ತ್ರಿ ಆ ಕಾರ್ಡನ್ನು, ಬರಹದ ಮಗ್ಗುಲು ಗೋಡೆಗೆ ಬರುವ ಹಾಗೆ, ಅಂಗಡಿಯ ಮೊಳೆಗೆ ತೂಗುಹಾಕಿದರು. ಗಿರಾಕಿಗಳು ಇದೇನು ಅಂತ ಕೇಳಿದರೆ ನನ್ನ ಕಡೆ ಕೈ ತೋರಿಸಿ, "ನಮ್ಮುಡ್ಗ ಬರೆಸ್ಕೊಟ್ಟಿದ್ದು. ಹಾರ್ಮೋನಿಯಂ ಮೇಸ್ತ್ರಿ ಅಂತ ಐತೆ" ಅನ್ನುತ್ತಿದ್ದರು. ನಾನು ಕೀಬೋರ್ಡಿನ ವಯರು ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗುತ್ತಿದ್ದೆ.

ಆಮೇಲೂ ಮೂರು ವರ್ಷ ನನ್ನ ಜೊತೆ ಬಂದರು. ಹೋದೊಡನೆ ಕೇಳುತ್ತಿದ್ದುದು ಒಂದೇ: "ಆ ರೀಡಿನೋರು ಬಂದವ್ರಾ?" ಆ ಕಸುಬುದಾರರು ಮತ್ತೆ ಬರಲೇ ಇಲ್ಲ. ಮೂರು ವರ್ಷವೂ ನಾನು ಹೆಲ್ಪರ್ ಅಂತಲೇ ಬರೆದೆ. ಬೇರೆ ಬರೆದರೆ ಹೊಸ ಕಾರ್ಡು ಹಳೆಯದರಂತಿಲ್ಲವಲ್ಲ ಅಂತ ಕೇಳಿಯಾರು ಎಂಬ ಭಯ. ಐದನೆಯ ವರ್ಷ ಕೆಮ್ಮು ಅಂತ ಬರಲಿಲ್ಲ. ಕಾರ್ಡುಗಳನ್ನು ಮೊಳೆಯಿಂದ ಬಿಚ್ಚಿ ಮನೆಗೆ ಒಯ್ದರು. ಅಂಗಡಿಗೆ ಬರುವುದೂ ಕಮ್ಮಿಯಾಯಿತು. ಮರುವರ್ಷ ತೀರಿಕೊಂಡರು.

ಶಿವಗಣಾರಾಧನೆಗೆ ಮಗ್ಗೆಗೆ ಹೋದೆ. ಊಟವಾದ ಮೇಲೆ ಮೇಸ್ತ್ರಿಯ ಹೆಂಡತಿ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಅರಗಳು, ಚಿಮಟ, ಒಂದಷ್ಟು ಹಳೆಯ ರೀಡುಗಳು, ಮೇಲೆ ದಾರ ಸುತ್ತಿದ ನಾಲ್ಕು ಕಾರ್ಡು.

"ಇದು ನಿಂಗೇ ಸೇರ್ಬೇಕು ಅಂದಿದ್ರು ಕಣಪ್ಪ."

ಆಗಲಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ! ಒಂದು ಕಾರ್ಡು ಎತ್ತಿಕೊಂಡು, "ನೋಡಿ ಅಮ್ಮ, ಹಾರ್ಮೋನಿಯಂ ಮೇಸ್ತ್ರಿ ಅಂತ ಇದೆ" ಅಂದೆ.

ಅಮ್ಮ ಸಿಟ್ಟಾಗಲಿಲ್ಲ. ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸುತ್ತಾ ಹೇಳಿದರು: "ಬುಡಪ್ಪ ಅದ್ನ. ಮೊದಲ್ನೇ ವರ್ಷವೇ ಬಾಗ್ಲು ಕಾಯೋನು ಓದಿ ಹೇಳಿದ್ನಂತೆ, ಹೆಲ್ಪರ್‌ಗೆಲ್ಲಾ ಒಳಗೆ ಬುಡಾಕಿಲ್ಲ ಅಂತ. ಮನೇಗೆ ಬಂದು ನಂಗಂದ್ರು. ನಂಗೆ ತಿಳೀತು ಅಂತ ನಮ್ಮುಡ್ಗಂಗೆ ಗೊತ್ತಾಗೋದ್ ಬ್ಯಾಡ, ನಾಚ್ಕಂಡು ನನ್ ಮುಖ ನೋಡದಂಗಾಗ್ಬುಟ್ಟಾನು ಅಂದ್ರು."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಗಿರಾಕಿಗಳ ಮುಂದೆ ಅಷ್ಟು ಸಲ, ನನ್ನ ಕಡೆ ಕೈ ತೋರಿಸಿ ಅವರು ಹೇಳಿದ್ದು ನನ್ನ ಸುಳ್ಳನ್ನು. ಅದು ಎಲ್ಲೂ ಸಿಕ್ಕಿಬೀಳದ ಹಾಗೆ ಕಾದಿದ್ದರು. ಎರಡನೆಯ ವರ್ಷ, ಮೂರನೆಯ ವರ್ಷ, ನಾಲ್ಕನೆಯ ವರ್ಷ, ನಾನು ಫಾರಂ ತುಂಬುವಾಗ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದರು. ನನ್ನ ಕೈ ಏನು ಬರೆಯುತ್ತಿದೆ ಅಂತ ಗೊತ್ತಿದ್ದೂ, ಕಾರ್ಡು ಬಂದೊಡನೆ ಪ್ರತಿ ಸಲ ಕೇಳಿದ್ದರು:

"ಏನ್ ಬರ್ದವ್ರೆ ಇದ್ರಾಗೆ?"