ಹುಣಸೆಹಣ್ಣಿಗೆ ಸವೆದ ಬೆಳ್ಳಿ ಬಳ್ಳಿ

ಹಾಸಿಗೆ ಹಿಡಿದಿರುವ ಅತ್ತೆಗೆ ತಾವು ತವರಿನಿಂದ ತಂದ ಬಿದರಿ ಗಿಂಡಿಯನ್ನೂ ಅದರ ಮೇಲಿನ ಬೆಳ್ಳಿ ಬಳ್ಳಿಯನ್ನೂ ಒಮ್ಮೆ ನೋಡುವ ಆಸೆ. ಗಿಂಡಿಯ ಕಪ್ಪು ಮೈ ಬಿಳಚಿಕೊಂಡಿತ್ತು. ಸರಿಮಾಡಿಸೋಣವೆಂದು ತರೀಕೆರೆಯ ಕಲಾಯಿ ಅಂಗಡಿಗೆ ಒಯ್ದೆ.

ಮುದುಕ ಸಾಬರು ತಿರುಗಿಸಿ ನೋಡಿದರು. "ಏನ್ ಹಾಕಿ ತಿಕ್ಕಿದ್ರಿ ತಾಯಿ?"

"ಹುಣಸೆಹಣ್ಣು, ಬೂದಿ. ಶಿವಪೂಜೆ ಗಿಂಡಿ ಅಲ್ವಾ ಸಾಬ್ರೇ, ಪ್ರತಿ ಸೋಮವಾರ ತಿಕ್ತಿದ್ದೆ."

"ಹಿತ್ತಾಳೆ ಚೊಂಬು ಅನ್ಕೊಂಡ್ರಾ? ಇದ್ನ ಎಣ್ಣೆ ಬಟ್ಟೇಲಿ ಒರೆಸ್ಬೇಕು ಕಣಮ್ಮ. ಇರಾನಿಂದ ಬೀದರಿಗೆ ಬಂದ ಕೆಲ್ಸ, ನಮ್ ತಾತಂಗೆ ಗೊತ್ತಿತ್ತು. ಕಪ್ಪು ಮತ್ತೆ ಬರಿಸ್ಬೋದು. ಬೆಳ್ಳಿನೇ ಉದುರೋಗಿದೆ, ಎಲ್ಲಿಂದ ತರ್ಲಿ?"

ಅಷ್ಟು ದೂರದಿಂದ ಬಂದ ಬಳ್ಳಿ ನನ್ನ ಭಕ್ತಿಗೆ ಸಿಕ್ಕಿ ಸವೆದುಹೋಯಿತು. ತಿಕ್ಕುವಾಗ ಗಿಂಡಿಯ ಕೊರಳಿನ ಸಂದಿಗೆ ನನ್ನ ಬೆರಳು ಹೋಗುತ್ತಿರಲಿಲ್ಲ. ಶಿವನ ದಯೆ, ಅಲ್ಲೊಂದು ಎಲೆ ಉಳಿದಿದೆ.

ಅಜ್ಜಂಪುರದ ಬಸ್ಸಿನಲ್ಲಿ ಸೀಟೂ ಸಿಕ್ಕಿತು. ಕೂರುವಷ್ಟರಲ್ಲಿ ಅತ್ತೆಯ ಫೋನು.

"ಬಳ್ಳಿ ಚೆನ್ನಾಗಿ ಕಾಣುತ್ತೇನೇ ಈಗ?"

ಮಡಿಲಲ್ಲಿದ್ದ ಗಿಂಡಿಯ ಮೇಲೆ ಸೆರಗು ಎಳೆದುಕೊಂಡೆ.

"ಬತ್ತಾ ಇದೀನಿ ಅತ್ತೆ."